‘ಹಾಕು’ ಬಲ್ಲವರಿಗೆ ‘ಪುಟ್’

ಇಂಗ್ಲಿಷಿನ ‘ಪುಟ್’ ಕ್ರಿಯಾಪದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಮಾತುಗಳಿವೆ: ಇಡು ಮತ್ತು ಹಾಕು. ಚೊಂಬನ್ನು ಮೇಜಿನ ಮೇಲೆ ಇಡುತ್ತಾರೆ, ಅಡಿಕೆಯನ್ನು ಚೀಲಕ್ಕೆ ಹಾಕುತ್ತಾರೆ. ಇಂಗ್ಲಿಷಿಗೆ ಎರಡೂ ಪುಟ್. ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಇಷ್ಟು ಬೇಗ ತಿಳಿಯುತ್ತದೆ. ತೊಡಕು ಬರುವುದು ಪುಟ್‌ನ ಬೆನ್ನಿಗೆ ಆನ್, ಆಫ್, ಔಟ್, ಅಪ್ ಸೇರಿದಾಗ.

ಈ ತೊಡಕನ್ನು ಬಿಡಿಸುವ ದಾರಿ ಮನೆಮಾತಿನಲ್ಲೇ ಇದೆ. ‘ತಿಂದುಹಾಕು’, ‘ಹರಿದುಹಾಕು’, ‘ಅಳಿಸಿಹಾಕು’ ಎನ್ನುವಾಗ ಯಾರೂ ಏನನ್ನೂ ಎಲ್ಲಿಯೂ ಹಾಕುವುದಿಲ್ಲ. ಕೆಲಸ ಪೂರ್ತಿ ಮುಗಿಯಿತು ಎಂದು ಹೇಳುವುದಕ್ಕೆ ಅಲ್ಲಿ ‘ಹಾಕು’ ಬಂದಿದೆ. ‘ಈಟ್ ಅಪ್’, ‘ಟೇರ್ ಅಪ್’ಗಳಲ್ಲಿ ‘ಅಪ್’ ಮಾಡುವುದೂ ಅದೇ ಕೆಲಸ. ಮೇಲೆ ಎಂಬ ಅರ್ಥ ಅಲ್ಲಿಲ್ಲ. ಕನ್ನಡದಲ್ಲಿ ಬಾಲಕ್ಕೆ ಇನ್ನೊಂದು ಕ್ರಿಯಾಪದ ಬರುತ್ತದೆ, ಇಂಗ್ಲಿಷಿನಲ್ಲಿ ಪುಟ್ಟದೊಂದು ಅವ್ಯಯ. ತಿಂದುಹಾಕು ಎಂಬುದನ್ನು ಒಂದೇ ಪದವಾಗಿ ಕಲಿತಂತೆ ‘ಪುಟ್ ಆಫ್’ ಎಂಬುದನ್ನೂ ಒಂದೇ ಪದವಾಗಿ ಕಲಿಯಬೇಕು.

ಮೊದಲ ಹೆಜ್ಜೆ, ಪದದ ರೂಪ. ಕಟ್, ನಟ್, ಬಟ್‌ಗಳ ಕಾಗುಣಿತ ನೋಡಿ ಇದನ್ನು ‘ಪಟ್’ ಎಂದು ಓದುವುದು ತಪ್ಪು, ಉಚ್ಚಾರ ಪುಟ್. ವರ್ತಮಾನ, ಭೂತ, ಭೂತಕೃದಂತ ಮೂರಕ್ಕೂ ಒಂದೇ ರೂಪ. ಹೀಗಾಗಿ ‘ಹಿ ಪುಟ್ ದ ಬ್ಯಾಗ್ ಹಿಯರ್’ ಎಂದರೆ ಇಟ್ಟ ಎಂದರ್ಥ. ದಿನಾ ಇಡುತ್ತಾನೆ ಎನ್ನಲು ‘ಪುಟ್ಸ್’ ಬೇಕು. ಇನ್ನೊಂದು ಮಾತು: ಪುಟ್ ಬಂದರೆ ಎಲ್ಲಿ ಎಂಬುದೂ ಬರಲೇಬೇಕು. ‘ಐ ಪುಟ್ ದ ಬುಕ್’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ನಿಂತಂತೆ.

ಎರಡನೆಯದು ‘ಪುಟ್ ಆನ್’. ಇದಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಶ್ರೀಮಂತ. ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ, ಹೂ ಮುಡಿಯುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ, ಕುಂಕುಮ ಇಟ್ಟುಕೊಳ್ಳುತ್ತಾರೆ. ಇಷ್ಟಕ್ಕೂ ‘ಪುಟ್ ಆನ್’ ಸಾಕು. ಆದರೆ ಅದು ಧರಿಸುವ ಕ್ರಿಯೆಯನ್ನು ಮಾತ್ರ ಹೇಳುತ್ತದೆ, ಧರಿಸಿರುವ ಸ್ಥಿತಿಯನ್ನಲ್ಲ. ಲಿಂಗದಹಳ್ಳಿಯಿಂದ ಬೆಳಗಿನ ಹೊತ್ತು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೊರಟ ಹುಡುಗನನ್ನು ನೆನೆಯಿರಿ. ಒಂದು ತೋಳು ಸ್ವೆಟರ್ ಒಳಗೆ ಹೋಗಿದೆ, ಇನ್ನೊಂದು ಹೋಗುತ್ತಿದೆ: ‘ಹಿ ಈಸ್ ಪುಟ್ಟಿಂಗ್ ಆನ್ ಎ ಸ್ವೆಟರ್.’ ಸ್ವೆಟರ್ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದಾನೆ: ‘ಹಿ ಈಸ್ ವೇರಿಂಗ್ ಎ ಸ್ವೆಟರ್.’ ಹಾಕಿಕೊಳ್ಳುತ್ತಿದ್ದಾನೆ, ಹಾಕಿಕೊಂಡಿದ್ದಾನೆ ಎಂಬ ವ್ಯತ್ಯಾಸವೇ ಇದು. ಕನ್ನಡದಲ್ಲಿ ಮೊದಲು ಹೇಳಿ ನೋಡಿದರೆ ತಪ್ಪುವುದಿಲ್ಲ. ದೀಪ ಹಾಕುವುದೂ ‘ಪುಟ್ ಆನ್’, ಮೈ ಬರುವುದು ‘ಪುಟ್ ಆನ್ ವೆಯ್ಟ್’.

‘ಪುಟ್ ಔಟ್’ಗೆ ಎರಡು ಅರ್ಥ ಸಾಕು. ಬೇಯಿಸಿದ ಅಡಿಕೆಯನ್ನು ಒಣಗಲು ಅಂಗಳಕ್ಕೆ ಹಾಕುವುದು ಒಂದು. ಬೇಯಿಸಿದ ಒಲೆಯ ಬೆಂಕಿ ಆರಿಸುವುದು ಇನ್ನೊಂದು. ಮುಂದಿನ ಮಾತು ಅಡಿಕೆಯೋ ಬೆಂಕಿಯೋ ಎಂಬುದರಿಂದ ಅರ್ಥ ತಾನೇ ತಿಳಿಯುತ್ತದೆ.

‘ಪುಟ್ ಆಫ್’ ಎಂದರೆ ಮುಂದೂಡು. ಮಳೆಗೆ ಗ್ರಾಮಸಭೆ ಮುಂದಕ್ಕೆ ಹೋದರೆ ‘ದ ಮೀಟಿಂಗ್ ವಾಸ್ ಪುಟ್ ಆಫ್.’ ಪದಗಳ ಸ್ಥಾನದ ನಿಯಮವನ್ನು ಇಲ್ಲೇ ಕಲಿಯುವುದು ಒಳ್ಳೆಯದು. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಮೀಟಿಂಗ್ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್.’ ‘ಪುಟ್ ಇಟ್ ಆನ್’, ‘ಪುಟ್ ಇಟ್ ಔಟ್’ಗಳಿಗೂ ಇದೇ ಲೆಕ್ಕ.

‘ಪುಟ್ ಅಪ್’ ಕಚೇರಿಯ ಮೂಲಕ ಕನ್ನಡದೊಳಗೇ ಬಂದುಬಿಟ್ಟಿದೆ. ‘ಫೈಲ್ ಪುಟ್ ಅಪ್ ಮಾಡಿ’ ಎಂದರೆ ಕಡತವನ್ನು ಮೇಲಧಿಕಾರಿಯ ಮುಂದೆ ಮಂಡಿಸಿ ಎಂದು. ಇದು ಭಾರತದ ಕಚೇರಿಗಳ ಬಳಕೆ. ಹೊರದೇಶದವರಿಗೆ ಬರೆಯುವಾಗ ‘ಸಬ್ಮಿಟ್’ ಎನ್ನುವುದೇ ಲೇಸು. ಉಳಿದಂತೆ ಚಪ್ಪರ ಹಾಕುವುದು, ಗೋಡೆಗೆ ಪೋಸ್ಟರ್ ಅಂಟಿಸುವುದು, ಬಂದ ನೆಂಟರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಇವೆಲ್ಲ ‘ಪುಟ್ ಅಪ್’. ಅದರ ಮುಂದೆ ‘ವಿತ್’ ಸೇರಿದರೆ ಮಾತೇ ಬೇರೆ: ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಈ ಮೂರು ಪದಗಳ ನಡುವೆ ‘ಇಟ್’ ಕೂಡ ನುಗ್ಗುವಂತಿಲ್ಲ. ಅದು ಕೊನೆಗೇ ಬರಬೇಕು.

‘ಪುಟ್ ಡೌನ್’ ಎಂದರೆ ಕೆಳಗಿಡು, ಬರೆದುಕೊ. ಮನುಷ್ಯರ ವಿಷಯಕ್ಕೆ ಬಂದರೆ ಹೀಯಾಳಿಸು ಎಂಬ ಅರ್ಥ ಬರುವುದರಿಂದ ಎಚ್ಚರ ಬೇಕು. ‘ಪುಟ್ ಅವೇ’ ಎಂದರೆ ಎತ್ತಿಡು. ‘ಪುಟ್ ಥ್ರೂ’ ಎಂದರೆ ಫೋನಿನಲ್ಲಿ ಇನ್ನೊಬ್ಬರಿಗೆ ಸಂಪರ್ಕ ಕೊಡು.

ಕೊನೆಯ ಹೆಜ್ಜೆ ನಿಘಂಟು ನೋಡುವುದು. 1946ರಲ್ಲಿ ಮೊದಲು ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಇಂಥ ನುಡಿಗಟ್ಟುಗಳನ್ನು ಮೂಲ ಕ್ರಿಯಾಪದದಡಿಯೇ ಹುಡುಕಬೇಕು. ‘ಪುಟ್ ಆಫ್’ ಬೇಕಾದರೆ ‘ಆಫ್’ ಇರುವ ಪುಟಕ್ಕಲ್ಲ, ‘ಪುಟ್’ ಇರುವ ಪುಟಕ್ಕೆ ಹೋಗಬೇಕು. ಸಿಕ್ಕಿದ ಅರ್ಥವನ್ನು ಬರೀ ಪಟ್ಟಿ ಮಾಡಿಕೊಂಡರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಮನೆ, ತೋಟ, ಶಾಲೆಯ ಒಂದೊಂದು ವಾಕ್ಯ ಬರೆದು, ಅದರ ಕೆಳಗೆ ಅದೇ ಸಂದರ್ಭದಲ್ಲಿ ಮನೆಯವರು ಆಡುವ ಕನ್ನಡ ಮಾತನ್ನೂ ಬರೆದುಕೊಳ್ಳಬೇಕು. ದಿನಕ್ಕೆ ಒಂದು ರೂಪ ಸಾಕು.