ಹರಿಯುವ ಮಂಜಿನ ಮೇಲಿನ ಕಂಬಗಳು

ಆಲ್ಪ್ಸ್‌ನಲ್ಲಿ ನಡುಬೇಸಿಗೆಯಲ್ಲೂ ಸ್ಕೀ ಮಾಡಬೇಕೆಂದರೆ ಹಿಮನದಿಗೇ ಹೋಗಬೇಕು. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಹೆಸರಾಗಿರುವುದು ಇದಕ್ಕೇ. ಅಲ್ಲಿನ ಲಿಫ್ಟ್‌ಗಳ ಎಷ್ಟೋ ಕಂಬಗಳ ಕೆಳಗೆ ಬಂಡೆಯಿಲ್ಲ, ಬರೀ ಮಂಜುಗಡ್ಡೆ. ಅದು ಹಗಲೂ ರಾತ್ರಿ ಇಳಿಜಾರಿನತ್ತ ಸರಿಯುತ್ತಲೇ ಇರುತ್ತದೆ. ಇಂಥ ಲಿಫ್ಟ್‌ಗಳ ನಿರ್ವಹಣೆ ನನ್ನ ಕಸುಬು. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಕಂಬವನ್ನು ನೆಡಬೇಡಿ, ಇಡಿ.

ಬಂಡೆಯ ಮೇಲಾದರೆ ಕಾಂಕ್ರೀಟ್ ಹಾಕಿ ಬೋಲ್ಟ್ ಬಿಗಿದರೆ ಮುಗಿಯಿತು. ಮಂಜಿನಲ್ಲಿ ಹಾಗೆ ಹುಗಿದರೆ ಮಂಜು ಹೋದಲ್ಲಿಗೆ ಕಂಬವೂ ಹೋಗುತ್ತದೆ, ವಾಪಸ್ ತರಲು ದಾರಿಯಿರುವುದಿಲ್ಲ. ಅದಕ್ಕೇ ದಪ್ಪ ಮರದ ತೊಲೆಗಳ ಅಥವಾ ಉಕ್ಕಿನ ಚೌಕಟ್ಟಿನ ಪೀಠ ಮಾಡಿ, ಅದರ ಮೇಲೆ ಕಂಬವನ್ನು ಕೂರಿಸುತ್ತೇವೆ. ಬೇಕಾದಾಗ ಲಿಫ್ಟಿನ ಉಕ್ಕಿನ ಹಗ್ಗದ ಬಿಗಿ ಸಡಿಲಿಸಿ, ಕಂಬದ ಮೇಲಿನ ರೋಲರ್‌ಗಳಿಂದ ಹಗ್ಗ ಎತ್ತಿಟ್ಟು, ವಿಂಚ್‌ನಿಂದ ಪೀಠವನ್ನೇ ಎಳೆದು ಸಾಲಿಗೆ ತರಬಹುದು. ಕೊನೆಯ ಎರಡು ಬೆರಳಿನಷ್ಟು ಅಂತರವನ್ನು ಮಾತ್ರ ಯಂತ್ರಕ್ಕೆ ಬಿಡುವುದಿಲ್ಲ. ಜಾಕ್ ಕೊಟ್ಟು, ಮರದ ತುಂಡು ತೂರಿಸಿ, ಮಟ್ಟಗೋಲು ನೋಡಿ, ಮತ್ತೆ ತೂರಿಸುತ್ತೇವೆ. ನಮ್ಮೂರ ತೇರಿನ ಚಕ್ರಕ್ಕೆ ಸನ್ನೆ ಕೊಡುವವರ ಕೆಲಸದಷ್ಟೇ ನಾಜೂಕಿನದು ಇದು.

2. ಪ್ರತಿ ಕಂಬಕ್ಕೂ ಅದರದೇ ವೇಗ.

ಹಿಮನದಿ ಒಂದೇ ಸಮನೆ ಸರಿಯುವುದಿಲ್ಲ. ನಡುವೆ ವೇಗ ಹೆಚ್ಚು, ಅಂಚಿನಲ್ಲಿ ಬಂಡೆಗೆ ಉಜ್ಜಿಕೊಂಡು ನಿಧಾನ. ಸ್ವಿಟ್ಜರ್ಲೆಂಡಿನ ಅಲೆಚ್ ಹಿಮನದಿ ಕೆಲವೆಡೆ ವರ್ಷಕ್ಕೆ ಇನ್ನೂರು ಮೀಟರಿನ ಹತ್ತಿರ ಹರಿಯುತ್ತದೆ. ಲಿಫ್ಟ್ ಹಾಕುವ ಎತ್ತರದ ಬಯಲುಗಳಲ್ಲಿ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಸಾಲಿನ ಮೂರನೇ ಕಂಬ ಒಂದು ಮೀಟರ್ ಸರಿದು ಏಳನೆಯದು ಮೂರು ಮೀಟರ್ ಸರಿದರೆ ನೇರ ಗೆರೆ ಬಿಲ್ಲಿನಂತೆ ಬಾಗಿಬಿಡುತ್ತದೆ. ಬಂಡೆಯ ಮೇಲೆ ಅಲ್ಲಾಡದ ಗುರುತುಗಳನ್ನು ಮಾಡಿಕೊಂಡು, ಅಲ್ಲಿಂದ ಪ್ರತಿ ಕಂಬವನ್ನೂ ಅಳೆದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಪುಟಗಳನ್ನು ನೋಡಿದರೆ ಮುಂದಿನ ಋತುವಿನಲ್ಲಿ ಕಂಬ ಎಲ್ಲಿಗೆ ಬರುತ್ತದೆಂದು ಗೊತ್ತಾಗುತ್ತದೆ. ಆಗ ಅದನ್ನು ಗೆರೆಯಿಂದ ತುಸು ಮೇಲಕ್ಕೇ ಇಟ್ಟು, ಗೆರೆಗೆ ಇಳಿದು ಬರಲು ಬಿಡಬಹುದು.

3. ಕಪ್ಪು ಪುಡಿ ಕಂಡರೆ ನಿಲ್ಲಿ.

ಹಗ್ಗ ರೋಲರ್‌ನ ರಬ್ಬರ್ ಹೊದಿಕೆಯ ನಡುಗಾಲುವೆಯಲ್ಲಿ ಓಡಬೇಕು. ಕಂಬ ಪಕ್ಕಕ್ಕೆ ಸರಿದಾಗ ಹಗ್ಗ ಆ ರಬ್ಬರಿನ ಒಂದೇ ಅಂಚನ್ನು ತಿನ್ನುತ್ತದೆ, ಕಂಬದ ಬುಡದ ಹಿಮದ ಮೇಲೆ ಸಣ್ಣ ಕಪ್ಪು ಪುಡಿ ಉದುರುತ್ತದೆ. ಬೆಳಿಗ್ಗೆ ಬಿಳಿ ಹಿಮದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಹಗ್ಗ ಹಳಿ ತಪ್ಪಿದರೆ ಪುಟ್ಟ ಸರಳೊಂದು ಮುರಿದು ವಿದ್ಯುತ್ ಕಡಿದು ಲಿಫ್ಟನ್ನು ನಿಲ್ಲಿಸುತ್ತದೆ, ನಿಜ. ಆದರೆ ಆ ಸರಳು ಮುರಿಯುವವರೆಗೆ ಕಾಯುವುದು ನಿರ್ವಹಣೆಯಲ್ಲ.

4. ಪಕ್ಕಕ್ಕೆ ಸರಿಯುವುದಕ್ಕಿಂತ ಕೆಳಗೆ ಕುಸಿಯುವುದು ಹೆಚ್ಚು ಮೋಸದ್ದು.

ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಕಂಬದ ಕೆಳಗಿನ ಮಂಜು ಕರಗಿದರೆ ಕಂಬವೂ ತಗ್ಗುತ್ತದೆ. ಅಕ್ಕಪಕ್ಕದವು ಅಷ್ಟು ತಗ್ಗದಿದ್ದರೆ ಹಗ್ಗದ ಭಾರವೆಲ್ಲ ಅವುಗಳ ಮೇಲೆ ಬಿದ್ದು, ಈ ಕಂಬದ ರೋಲರ್ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ನೋಡಲು ಎಲ್ಲವೂ ನೆಟ್ಟಗಿರುತ್ತದೆ, ಒಂದು ಜೋರು ಗಾಳಿಗೆ ಹಗ್ಗ ಮೇಲೆದ್ದು ಬಿಡುತ್ತದೆ. ಹಾಗಾಗಿ ಸ್ಥಾನದ ಜೊತೆಗೆ ಎತ್ತರವನ್ನೂ ಅಳೆಯಲೇಬೇಕು.

ಕರಗುವುದೂ ಒಂದೇ ರೀತಿಯಲ್ಲ. ಬಿಸಿಲಿಗೆ ಕಾದ ಉಕ್ಕು ಸುತ್ತ ಹೊಂಡ ಮಾಡಿಕೊಂಡು ಇಳಿಯುತ್ತದೆ. ಅಗಲವಾದ ಮರದ ಪೀಠವಾದರೆ ನೆರಳಿನಿಂದ ತನ್ನಡಿಯ ಮಂಜನ್ನು ಉಳಿಸಿಕೊಂಡು ಕಟ್ಟೆಯ ಮೇಲೆ ಏರಿ ಕೂರುತ್ತದೆ, ಒಂದು ದಿನ ವಾಲುತ್ತದೆ. ಬಿಳಿಯ ದಪ್ಪ ಬಟ್ಟೆಯನ್ನು ಬುಡದ ಸುತ್ತ ದೊಡ್ಡದಾಗಿ ಹಾಸಿದರೆ ಕರಗುವಿಕೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ. ಕರಗಿದ ನೀರು ಪೀಠದಡಿ ನುಗ್ಗದಂತೆ ಕಾಲುವೆ ಕಡಿಯುವುದು ಅಷ್ಟೇ ಮುಖ್ಯ. ಶರತ್ಕಾಲದಲ್ಲಿ ಬಟ್ಟೆಯ ಒಂದು ಚೂರೂ ಬಿಡದೆ ಎತ್ತಿಬಿಡಿ, ಅದರ ನೂಲು ಕೆಳಗಿನ ಹೊಳೆಗೆ ಹೋಗಬಾರದು.

5. ಮಂಜಿಗೆ ಅರ್ಥಿಂಗ್ ಕೊಡಲಾಗದು.

ಮಂಜುಗಡ್ಡೆಯಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಸಿಡಿಲಿನ ತಂತಿಯನ್ನು ಬಂಡೆಯವರೆಗೂ ಎಳೆಯಬೇಕು. ಆ ತಂತಿಗೂ ಸಂಕೇತದ ಕೇಬಲ್‌ಗಳಿಗೂ ಧಾರಾಳವಾಗಿ ಸುರುಳಿ ಬಿಡಿ, ಬಿಗಿಯಾಗಿ ಎಳೆದದ್ದು ಹಿಮನದಿಯ ನಡೆಗೆ ಕಿತ್ತುಹೋಗುತ್ತದೆ.

6. ಬಿರುಕಿನ ಮುಂದೆ ಧೈರ್ಯ ಬೇಡ.

ಹಿಮ ಮುಚ್ಚಿದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಪರಿಚಿತ ಕಂಬದ ಬಳಿಗೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸರಳಿನಿಂದ ಚುಚ್ಚಿ ನೋಡುತ್ತಲೇ ಹೋಗಿ.

7. ಸಾಧ್ಯವಿದ್ದರೆ ಬಂಡೆಯಿಂದ ಬಂಡೆಗೆ ಹಾರಿ.

ಮೋಂ ಬ್ಲಾಂಕ್ ಪರ್ವತದಲ್ಲಿ 1958ರಲ್ಲಿ ಶುರುವಾದ ಕೇಬಲ್ ಕಾರ್ ಎಗ್ವಿ ದು ಮಿದಿ ಶಿಖರದಿಂದ ಹೆಲ್‌ಬ್ರೋನ್ನರ್ ಶಿಖರದವರೆಗೆ ಸುಮಾರು 5 ಕಿಲೋಮೀಟರ್ ಹಿಮನದಿಯ ಮೇಲೆ ಸಾಗುತ್ತದೆ. ಅದರ ಒಂದೇ ಒಂದು ಕಂಬವೂ ಮಂಜಿನ ಮೇಲಿಲ್ಲ. ಒಂದೆಡೆ ಆಧಾರವನ್ನೇ ಎರಡು ಶಿಖರಗಳ ನಡುವೆ ಕಟ್ಟಿದ ಹಗ್ಗದಿಂದ ತೂಗುಹಾಕಿದ್ದಾರೆ. ಅಷ್ಟು ಹಿಂದೆ ಹಾಗೆ ಯೋಚಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗೆ ಹಾರಲಾಗದ ಕಡೆ, ಕುರ್ಚಿ ಲಿಫ್ಟ್‌ಗಿಂತ ಜನರನ್ನು ನೆಲದಲ್ಲೇ ಎಳೆದೊಯ್ಯುವ ಹಗುರ ಟಿ-ಬಾರ್ ಲಿಫ್ಟನ್ನು ಮಂಜಿನ ಮೇಲೆ ಸಂಭಾಳಿಸುವುದು ಸುಲಭ, ಅದರ ಕಂಬಗಳನ್ನು ಸರಿಸಬಹುದು, ಕಳಚಲೂಬಹುದು.

8. ಕಳಚುವ ಕಾಲ ಬಂದಾಗ ಕಳಚಿ.

2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇಕಡಾ 10ರಷ್ಟನ್ನು ಕಳೆದುಕೊಂಡವು. 2022ರ ಬೇಸಿಗೆಯಲ್ಲಿ ಝೆರ್ಮಾಟ್ ಕೂಡ ಸ್ಕೀ ನಿಲ್ಲಿಸಬೇಕಾಯಿತು. ಅದೇ ವರ್ಷ ಆಸ್ಟ್ರಿಯಾದ ಡಾಖ್‌ಸ್ಟೈನ್ ತನ್ನ ಹಿಮನದಿಯ ಸ್ಕೀ ಲಿಫ್ಟ್‌ಗಳನ್ನು ತೆರೆಯುವುದಿಲ್ಲವೆಂದು ಪ್ರಕಟಿಸಿತು. ಬೊಲಿವಿಯಾದ ಸ್ಕೀ ತಾಣ ಚಕಾಲ್ತಾಯಾದಲ್ಲಿ 2009ರ ಹೊತ್ತಿಗೆ ಹಿಮನದಿಯೇ ಇರಲಿಲ್ಲ. ಎಷ್ಟು ಜಾಕ್ ಕೊಟ್ಟರೂ ಇಲ್ಲದ ಮಂಜಿನ ಮೇಲೆ ಕಂಬ ನಿಲ್ಲುವುದಿಲ್ಲ.

ಹಿಮನದಿಯ ಮೇಲೆ ಹೊಸ ಲಿಫ್ಟ್‌ನ ನಕ್ಷೆ ಬರೆಯುವವರಲ್ಲಿ ನನ್ನದೊಂದೇ ಕೋರಿಕೆ: ಕೊನೆಯ ಬೋಲ್ಟಿನವರೆಗೆ ಎಲ್ಲವನ್ನೂ ಬಿಚ್ಚಿ ಕಣಿವೆಗೆ ಇಳಿಸುವ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಿ.