ಬಣ್ಣ ಅಳೆದು ಸಮತೋಲನ ಸ್ಥಿರಾಂಕ ಕಂಡುಹಿಡಿಯುವ ಬಗೆ

ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಾಗಲಿ, ಹರಿಹರದ ಪದವಿ ಕಾಲೇಜಿನಲ್ಲಾಗಲಿ ರಸಾಯನಶಾಸ್ತ್ರ ಓದುವವರಿಗೆ ಬ್ರೋಮೋಥೈಮಾಲ್ ಬ್ಲೂ ಪರಿಚಿತ ಸೂಚಕ. ಆಮ್ಲದಲ್ಲಿ ಹಳದಿ, ಪ್ರತ್ಯಾಮ್ಲದಲ್ಲಿ ನೀಲಿ. ನಡುವಿನ ಹಸಿರು ಮೂರನೆಯ ವಸ್ತುವಲ್ಲ, ಹಳದಿ ನೀಲಿ ಎರಡೂ ಒಟ್ಟಿಗಿರುವ ಸ್ಥಿತಿ. ಯಾವುದು ಎಷ್ಟಿದೆ ಎಂದು ಸ್ಪೆಕ್ಟ್ರೋಫೋಟೋಮೀಟರ್‌ನಿಂದ ತಿಳಿದರೆ ಸ್ಥಿರಾಂಕ ಸಿಕ್ಕಂತೆ.

ದ್ರಾವಣ ತಯಾರಿಸಲು ನಲ್ಲಿ ನೀರು ಬೇಡವೇ ಬೇಡ. ರಾಜನಹಳ್ಳಿಯಿಂದ ದಾವಣಗೆರೆಗೆ ಬರುವ ತುಂಗಭದ್ರೆಯ ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ, ಅದು ಪಿಎಚ್ ಅನ್ನು ಏರುಪೇರು ಮಾಡುತ್ತದೆ. 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 0.136 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, 0.75 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಶೇ 0.1ರ ಸೂಚಕ ದ್ರಾವಣ 1.2 ಮಿ.ಲೀ. ಹಾಕಿ. ಫಾಸ್ಫೇಟ್ ಬಿಟ್ಟರೆ ಒಂದೇ ಹನಿ ಕ್ಷಾರಕ್ಕೆ ಪಿಎಚ್ ಜಿಗಿದು, ಬೇಕಾದ ನಡುವಿನ ಬಿಂದುಗಳೇ ಸಿಗುವುದಿಲ್ಲ. ಸೂಚಕವಿಲ್ಲದ ಇದೇ ದ್ರಾವಣವೇ ಬ್ಲ್ಯಾಂಕ್.

ಪಿಎಚ್ ಮೀಟರನ್ನು 4, 7 ಮತ್ತು 9.2ರ ಬಫರ್‌ಗಳಲ್ಲಿ ಸರಿಪಡಿಸಿ. ಮೊದಲು ಹಳದಿ ದ್ರಾವಣದ ಅಬ್ಸಾರ್ಬನ್ಸ್ ಅನ್ನು 616 ನ್ಯಾನೋಮೀಟರ್‌ನಲ್ಲಿ ಬರೆದುಕೊಳ್ಳಿ. ನಂತರ 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಅನ್ನು 0.2 ಮಿ.ಲೀ.ನಂತೆ ಸೇರಿಸುತ್ತಾ ಹೋಗಿ. ಪ್ರತಿ ಸಲ ಕಲಕಿ, ಪಿಎಚ್ ನಿಂತ ಮೇಲೆ ಅಳೆಯಿರಿ, ಕ್ಯುವೆಟ್‌ನ ದ್ರವವನ್ನು ಮರಳಿ ಬೀಕರಿಗೇ ಸುರಿಯಿರಿ. ಪಿಎಚ್ 10 ದಾಟಿದಾಗ ಸಿಗುವುದು ಪೂರ್ಣ ನೀಲಿಯ ಅಳತೆ. ಪ್ರತಿ ಓದನ್ನೂ ಒಟ್ಟು ಗಾತ್ರದಿಂದ ಗುಣಿಸಿ, ಮೊದಲಿನ ಗಾತ್ರದಿಂದ ಭಾಗಿಸಿ.

ಸಾಧ್ಯವಿದ್ದರೆ ಪ್ರತಿ ಹಂತದಲ್ಲೂ 400ರಿಂದ 700 ನ್ಯಾನೋಮೀಟರ್‌ವರೆಗಿನ ಪೂರ್ತಿ ಅಬ್ಸಾರ್ಬನ್ಸ್ ರೇಖೆ ತೆಗೆಯಿರಿ. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ: ರೇಖೆಗಳೆಲ್ಲ ಸುಮಾರು 500 ನ್ಯಾನೋಮೀಟರ್ ಬಳಿ ಒಂದೇ ಬಿಂದುವಿನಲ್ಲಿ ಹಾಯುತ್ತವೆ. ಹಾಯದಿದ್ದರೆ ಲೆಕ್ಕಕ್ಕೆ ಕೂರಬೇಡಿ. ಗಾತ್ರದ ತಿದ್ದುಪಡಿ, ಬ್ಲ್ಯಾಂಕ್, ಕ್ಯುವೆಟ್‌ನ ಗೋಡೆ ಇವನ್ನು ಮೊದಲು ನೋಡಿ.

ಲೆಕ್ಕ ಸರಳ. ಪ್ರತಿ ಹಂತದ ಓದಿನಿಂದ ಹಳದಿಯ ಓದನ್ನು ಕಳೆಯಿರಿ. ಪೂರ್ಣ ನೀಲಿಯ ಓದಿನಿಂದ ಅದೇ ಹಂತದ ಓದನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಲಾಗ್ ತೆಗೆದು, ಪಿಎಚ್‌ಗೆ ಎದುರಾಗಿ ಗ್ರಾಫ್ ಎಳೆಯಿರಿ. ಅನುಪಾತ 0.1ರಿಂದ 10ರೊಳಗಿನ ಬಿಂದುಗಳನ್ನಷ್ಟೇ ನಂಬಿ. ಒಂದೇ ಬಿಂದುವಿನಿಂದ ಉತ್ತರ ಬರೆಯುವ ಅಭ್ಯಾಸ ಬಿಡಲೇಬೇಕು, ಏಕೆಂದರೆ ಅದರ ತಪ್ಪು ಎಲ್ಲೂ ಕಾಣುವುದಿಲ್ಲ. ಗೆರೆಯ ಇಳಿಜಾರು 1ಕ್ಕೆ ಹತ್ತಿರವಿರಬೇಕು. ಲಾಗ್ ಸೊನ್ನೆಯಾಗುವ ಪಿಎಚ್‌ ಬೆಲೆಯೇ ಪಿಕೆಎ (ಸ್ಥಿರಾಂಕದ ಋಣ ಲಾಗ್), ಸುಮಾರು 7.1. ಅಂದರೆ ಸ್ಥಿರಾಂಕ 1 ಕೋಟಿಯಲ್ಲಿ 0.8ರಷ್ಟು.

ಉತ್ತರದ ಪಕ್ಕದಲ್ಲಿ ದ್ರಾವಣದ ಉಷ್ಣತೆಯನ್ನೂ ಬರೆಯಿರಿ. ಪುಸ್ತಕದ ಬೆಲೆ ಸಾಮಾನ್ಯವಾಗಿ 25 ಡಿಗ್ರಿಯದು, ಏಪ್ರಿಲ್‌ನಲ್ಲಿ ನಮ್ಮ ಪ್ರಯೋಗಾಲಯಗಳು ಅದಕ್ಕಿಂತ ಬಿಸಿಯಾಗಿರುತ್ತವೆ.