ಹೆಸರಿನ ಕನ್ನಡ ಮತ್ತು ವ್ಯವಹಾರದ ಕನ್ನಡ: ಉದ್ಯಮಗಳ ಗುರುತು ಹಾಗೂ ಜಾಲತಾಣ ವಿನ್ಯಾಸ

ಪೀಠಿಕೆ

ಉದ್ಯಮವೊಂದು ಜನರ ನಡುವೆ ತನ್ನನ್ನು ಗುರುತಿಸಿಕೊಳ್ಳುವ ಬಗೆಯನ್ನು ಇಂದು 'ಬ್ರ್ಯಾಂಡ್' ಎಂಬ ಪದದಿಂದ ಸೂಚಿಸಲಾಗುತ್ತದೆ. ಹೆಸರು, ಲಾಂಛನ, ಬಣ್ಣ, ಅಕ್ಷರಶೈಲಿ, ಹೊದಿಕೆ, ಈಚಿನ ದಶಕಗಳಲ್ಲಿ ಜಾಲತಾಣ, ಇವೆಲ್ಲವೂ ಈ ಗುರುತಿನ ಅಂಗಗಳು. ಪದ ಹೊಸದಾದರೂ ಪರಿಕಲ್ಪನೆ ಕನ್ನಡಕ್ಕೆ ಹೊಸದಲ್ಲ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಶಾಸನಗಳಲ್ಲಿ ತಮ್ಮನ್ನು 'ವೀರಬಣಂಜು ಧರ್ಮ'ದ ಪಾಲಕರೆಂದೂ ಗುಡ್ಡಧ್ವಜದಿಂದ ಶೋಭಿಸುವವರೆಂದೂ ಕರೆದುಕೊಂಡಿದ್ದಾರೆ. ವಚನಕಾರರ ಅಂಕಿತವೂ ಒಂದು ಬಗೆಯ ಮುದ್ರೆಯೇ ಆಗಿದ್ದು, ಮಾತು ಯಾರದೆಂಬುದನ್ನು ಅದು ಹೇಳುತ್ತದೆ. ಐನೂರ್ವರ ಧ್ವಜವು ವರ್ತಕನ ನಡೆಗೂ, ವಚನಕಾರನ ಅಂಕಿತವು ಅವನ ನುಡಿಗೂ ಹೊಣೆಯಾಗಿದ್ದವು ಎಂಬುದು ಇಲ್ಲಿ ಗಮನಾರ್ಹ.

ಉದ್ಯಮಗಳ ಗುರುತಿನಲ್ಲಿ ಕನ್ನಡ ಇದೆಯೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ನಾಮಫಲಕದ ಮುಂದೆ ನಿಂತು ಕೇಳುತ್ತೇವೆ. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಮತ್ತು ೨೦೨೪ರಲ್ಲಿ ಅದಕ್ಕೆ ತಂದ ತಿದ್ದುಪಡಿಯು ನಾಮಫಲಕದ ಶೇಕಡ ೬೦ ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿವೆ. ಫಲಕವನ್ನು ಹೀಗೆ ಅಳೆಯಬಹುದು. ಆದರೆ ಜಾಲತಾಣವು ಫಲಕವೂ ಹೌದು, ಅಂಗಡಿಯೂ ಹೌದು, ಲೆಕ್ಕದ ಪುಸ್ತಕವೂ ಹೌದು. ಅಲ್ಲಿ ಕನ್ನಡವನ್ನು ಅಳೆಯುವ ಮಾನದಂಡ ಬೇರೆಯೇ ಆಗಬೇಕಾಗುತ್ತದೆ. ಹೆಸರಿನಲ್ಲಿ ಕನ್ನಡವಿರುವುದು ಒಂದು, ವ್ಯವಹಾರವು ಕನ್ನಡದಲ್ಲಿ ಮುಗಿಯುವುದು ಇನ್ನೊಂದು. ಸಾಬೂನು, ಹಾಲು, ಸಾರಿಗೆ ಎಂಬ ಮೂರು ಭಿನ್ನ ಉದ್ಯಮಗಳ ಉದಾಹರಣೆಗಳ ಮೂಲಕ ಈ ವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ಉದ್ಯಮಗಳು, ಮೂರು ಬಗೆಯ ಹೆಸರುಗಳು

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧದ ಎಣ್ಣೆಯನ್ನು ಆಧರಿಸಿದ ಸಾಬೂನು ಉದ್ಯಮಕ್ಕೆ ಅಡಿಪಾಯ ಬಿದ್ದಿತು. ಅದರ ರೂಪುಗೊಳ್ಳುವಿಕೆಯಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳ ಪಾತ್ರ ದೊಡ್ಡದು. 'ಮೈಸೂರು ಸ್ಯಾಂಡಲ್' ಎಂಬ ಹೆಸರಿನಲ್ಲಿ ನಾಡಿನ ಹೆಸರು ಮತ್ತು ಪದಾರ್ಥದ ಹೆಸರು ಸೇರಿವೆ. ಮೊದಲನೆಯದು ಕನ್ನಡ, ಎರಡನೆಯದು ಇಂಗ್ಲಿಷು. 'ಶ್ರೀಗಂಧ' ಎಂಬ ಪದ ಹೆಸರಿನಿಂದ ಹೊರಗುಳಿದರೂ ಆನೆಯ ತಲೆ ಮತ್ತು ಸಿಂಹದ ದೇಹವುಳ್ಳ ಶರಭದ ಲಾಂಛನವು ನಮ್ಮ ಪುರಾಣಪ್ರಜ್ಞೆಯನ್ನು ಹೊದಿಕೆಯ ಮೇಲೆ ಉಳಿಸಿತು. ಇಲ್ಲಿ ಗುರುತಿನ ಹೊಣೆಯನ್ನು ಚಿತ್ರವೇ ಹೆಚ್ಚಾಗಿ ಹೊತ್ತಿದೆ.

ಕರ್ನಾಟಕ ಹಾಲು ಮಹಾಮಂಡಳಿಯ 'ನಂದಿನಿ' ಇದಕ್ಕಿಂತ ಭಿನ್ನ. ವಸಿಷ್ಠರ ಆಶ್ರಮದ ಹೋಮಧೇನುವಿನ ಹೆಸರು ಅದು. ಹ್ರಸ್ವದೀರ್ಘಗಳ ತೊಡಕಿಲ್ಲದೆ ಯಾವ ಲಿಪಿಯಲ್ಲಿ ಬರೆದರೂ ಒಂದೇ ಓದು ಬರುತ್ತದೆ. ೨೦೨೪ರ ಟಿ-ಟ್ವೆಂಟಿ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯಲ್ಲಿ ಸ್ಕಾಟ್ಲೆಂಡ್ ತಂಡದ ಅಂಗಿಯ ಮೇಲೆ ಈ ಹೆಸರು ಕನ್ನಡ ಲಿಪಿಯಲ್ಲಿ ಕಾಣಿಸಿಕೊಂಡಿತು. ಲಿಪಿಯನ್ನು ಓದಲಾರದವರ ಮುಂದೆಯೂ ಲಿಪಿಯೇ ಗುರುತಾಗಿ ನಿಲ್ಲಬಲ್ಲದೆಂಬುದಕ್ಕೆ ಇದು ನಿದರ್ಶನ.

ಆದರೆ ಅದಕ್ಕೆ ಒಂದು ವರ್ಷ ಮೊದಲು ಇದೇ ಸಂಸ್ಥೆ ಎದುರಿಸಿದ ಪ್ರಶ್ನೆ ಹೆಚ್ಚು ಮಹತ್ವದ್ದು. ೨೦೨೩ರ ಮಾರ್ಚ್‌ನಲ್ಲಿ, ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುದ್ರಿಸಿ 'ಮೊಸರು' ಎಂಬುದನ್ನು ಆವರಣದೊಳಗೆ ಇಡಬೇಕೆಂಬ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಸೂಚನೆಯು ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ವಿರೋಧಕ್ಕೆ ಕಾರಣವಾಯಿತು. ಆ ತಿಂಗಳ ೩೦ರಂದು ಪ್ರಾಧಿಕಾರವು ಸೂಚನೆಯನ್ನು ಪರಿಷ್ಕರಿಸಿ, ಇಂಗ್ಲಿಷಿನ 'ಕರ್ಡ್' ಪದದೊಂದಿಗೆ ಆಯಾ ಪ್ರದೇಶದ ಹೆಸರನ್ನು ಆವರಣದಲ್ಲಿ ಬಳಸಬಹುದೆಂದು ಸ್ಪಷ್ಟಪಡಿಸಿತು. ಇಲ್ಲಿ 'ನಂದಿನಿ' ಎಂಬ ಹೆಸರಿಗೆ ಯಾವ ಅಪಾಯವೂ ಇರಲಿಲ್ಲ. ಅಪಾಯವಿದ್ದುದು ಪದಾರ್ಥದ ಹೆಸರಿಗೆ. ಜನರು ಎಚ್ಚರಗೊಂಡದ್ದು ಲಾಂಛನದ ಕನ್ನಡಕ್ಕಾಗಿ ಅಲ್ಲ, ಕೊಳ್ಳುವ ವಸ್ತು ಯಾವುದೆಂದು ತಿಳಿಸುವ ಕನ್ನಡಕ್ಕಾಗಿ ಎಂಬುದನ್ನು ಮರೆಯುವಂತಿಲ್ಲ.

ಸಾರಿಗೆಯ ಉದಾಹರಣೆ ಲಿಪಿಯ ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಬಸ್ಸುಗಳಿಗೆ ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ ಎಂಬ ಹೆಸರುಗಳನ್ನಿಟ್ಟಿದೆ. ದೇವತೆಗಳ ಮತ್ತು ಅರಸರ ವಾಹನಸಂಕೇತಗಳನ್ನು ಸಾಮಾನ್ಯ ಪ್ರಯಾಣಿಕರಿಗೆ ಒದಗಿಸುವ ಈ ನಾಮಕರಣದಲ್ಲಿ ಒಂದು ವ್ಯವಸ್ಥೆಯೂ ರಸಿಕತೆಯೂ ಇವೆ. ಆದರೆ ಸಂಸ್ಥೆಯ ಹೆಸರಿನ ಇಂಗ್ಲಿಷ್ ಸಂಕ್ಷಿಪ್ತರೂಪದ ಐದು ಅಕ್ಷರಗಳು ಕೇರಳದ ಸಂಸ್ಥೆಗೂ ಸಮಾನವಾದವು. ೨೦೨೧ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಆಧಾರದ ಮೇಲೆ ಕೇರಳವು ಅವುಗಳ ಮೇಲೆ ಹಕ್ಕು ಸಾಧಿಸಲು ಮುಂದಾಯಿತು. ೨೦೨೩ರ ಡಿಸೆಂಬರ್‌ನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಕೇರಳದ ವಾದವನ್ನು ತಳ್ಳಿಹಾಕಿತು. ರೋಮನ್ ಲಿಪಿಯಲ್ಲಿ ಕರ್ನಾಟಕಕ್ಕೂ ಕೇರಳಕ್ಕೂ ಆದ್ಯಕ್ಷರ ಒಂದೇ. ಕನ್ನಡದಲ್ಲಿ ಒಂದು 'ಕ', ಇನ್ನೊಂದು 'ಕೇ'. 'ಕ.ರಾ.ರ.ಸಾ. ನಿಗಮ' ಎಂದಾಗ ಸ್ವರವೇ ಎರಡು ರಾಜ್ಯಗಳನ್ನು ಬೇರ್ಪಡಿಸುತ್ತದೆ. ಸ್ವರವನ್ನು ವ್ಯಂಜನದ ಮೈಯಲ್ಲೇ ಇರಿಸಿಕೊಳ್ಳುವ ನಮ್ಮ ಲಿಪಿಯ ಗುಣ ಇದು.

ಜಾಲವಿಳಾಸದಲ್ಲಿ ಕಳೆದುಹೋಗುವ ವ್ಯತ್ಯಾಸಗಳು

ಜಾಲತಾಣದ ವಿಳಾಸವು ಬಹುಕಾಲ ರೋಮನ್ ಅಕ್ಷರಗಳು, ಅಂಕಿಗಳು ಮತ್ತು ಅಡ್ಡಗೆರೆಗಳಿಗೆ ಸೀಮಿತವಾಗಿತ್ತು. ಇತರ ಲಿಪಿಗಳ ವಿಳಾಸಗಳಿಗೆ ೨೦೦೩ರಲ್ಲಿ ತಾಂತ್ರಿಕ ಮಾನಕ ರೂಪುಗೊಂಡಿತು. ಕನ್ನಡದಲ್ಲಿಯೇ ಬರೆಯಬಹುದಾದ '.ಭಾರತ' ಎಂಬ ಅಂತ್ಯನಾಮವೂ ಇಂದು ಇದೆ. ಆದರೂ ಉದ್ಯಮಗಳು ರೋಮನ್ ವಿಳಾಸವನ್ನೇ ಅವಲಂಬಿಸುವುದು ವಾಡಿಕೆ.

ಇದರ ಪರಿಣಾಮವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳು ಮಾರುಕಟ್ಟೆಗೆ ಅತ್ಯಂತ ಹತ್ತಿರವಾದವು. ಸಾಮಾನ್ಯ ರೋಮನ್ ಬರಹದಲ್ಲಿ ಮೂರೂ ಬಿ, ಇ, ಎಲ್, ಇ ಎಂಬ ನಾಲ್ಕೇ ಅಕ್ಷರಗಳಾಗಿ ಒಂದಾಗುತ್ತವೆ. ರೈತನದು ಬೆಳೆ, ವರ್ತಕನದು ಬೇಳೆ, ಇಬ್ಬರ ನಡುವಿನದು ಬೆಲೆ. ಮೂವರೂ ಒಂದೇ ವಿಳಾಸಕ್ಕೆ ಸ್ಪರ್ಧಿಸಬೇಕಾದ ಸ್ಥಿತಿ ಇದು. 'ಹಳ್ಳಿ'ಯ ಹೆಸರಿನಲ್ಲಿ ಆರಂಭವಾದ ಅಂಗಡಿಯನ್ನು 'ಹಲ್ಲಿ' ಎಂದು ಓದಲು ಅಡ್ಡಿಯೇನೂ ಇಲ್ಲ. ಆದುದರಿಂದ ವಿಳಾಸ ರೋಮನ್ ಲಿಪಿಯಲ್ಲಿದ್ದರೂ ಪುಟದ ಶಿರೋಭಾಗದಲ್ಲಿ ಹೆಸರನ್ನು ಕನ್ನಡದಲ್ಲಿ ಬರೆಯುವುದು ಅಲಂಕಾರವಲ್ಲ, ಅರ್ಥನಿರ್ಣಯದ ಅಗತ್ಯ.

ಲಿಪಿ, ಪುಟ ಮತ್ತು ವ್ಯಾಕರಣ

೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡವನ್ನು ಒಳಗೊಂಡಿತ್ತಾದರೂ, ಬಹುಕಾಲ ನಮ್ಮ ಬರಹವು ಆಯಾ ತಂತ್ರಾಂಶದ ಸ್ವಂತ ಅಕ್ಷರಸಂಕೇತಗಳಲ್ಲಿ ನಡೆಯಿತು. ಅದೇ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡ ಬರಹವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು. ಇದರಿಂದ ಪಾರಾಗಲು ವಿನ್ಯಾಸಕಾರರು ಕನ್ನಡವನ್ನು ಚಿತ್ರವಾಗಿ ಅಂಟಿಸುವ ದಾರಿ ಹಿಡಿದರು. ಹೀಗೆ ಅಂಟಿಸಿದ ಬರಹವನ್ನು ಪಠ್ಯದಂತೆ ಹುಡುಕಲಾಗದು, ನಕಲಿಸಲಾಗದು. ದೃಷ್ಟಿದೋಷವುಳ್ಳವರ ಓದುತಂತ್ರಾಂಶವೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅಂದಿನ ತಾಂತ್ರಿಕ ಕಾರಣ ಇಂದು ಉಳಿದಿಲ್ಲ. ಉಳಿದಿದ್ದರೆ ಅದು ಅಭ್ಯಾಸಬಲ ಮಾತ್ರ.

ರೋಮನ್ ಲಿಪಿಗೆಂದು ರೂಪಿಸಿದ ಪುಟಗಳಲ್ಲಿ ಕನ್ನಡವನ್ನು ತುಂಬಿದಾಗ ಮತ್ತೊಂದು ತೊಡಕು ಎದುರಾಗುತ್ತದೆ. ರೋಮನ್ನಿನಲ್ಲಿ ಅಕ್ಷರಗಳು ಅಡ್ಡಲಾಗಿ ಸಾಗಿದರೆ, ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೂ ಗುಡಿಸು ಮೊದಲಾದವು ಮೇಲಕ್ಕೂ ಚಾಚುತ್ತವೆ. 'ರಾಷ್ಟ್ರೀಯ', 'ಸ್ವಾತಂತ್ರ್ಯ' ಎಂಬ ಪದಗಳಿಗೆ ಸಾಲುಗಳ ನಡುವೆ ಹೆಚ್ಚಿನ ಎಡೆ ಬೇಕು. ಎಡೆಯಿಲ್ಲದ ಗುಂಡಿಯೊಳಗೆ ಒತ್ತು ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ ದೊಡ್ಡಕ್ಷರ-ಸಣ್ಣಕ್ಷರಗಳ ಭೇದವಿಲ್ಲ. ಆದುದರಿಂದ ಒತ್ತನ್ನು ಗಾತ್ರ, ದಪ್ಪ ಅಥವಾ ಬಣ್ಣದಿಂದ ತೋರಬೇಕು.

ಇವೆಲ್ಲಕ್ಕಿಂತ ಆಳವಾದುದು ವ್ಯಾಕರಣದ ಪ್ರಶ್ನೆ. ಜಾಲತಾಣದ ವಾಕ್ಯಗಳು ಖಾಲಿ ಜಾಗವಿಟ್ಟು ಮೊದಲೇ ಬರೆದವು. ಬಳಕೆದಾರನು ಆರಿಸಿದ ಊರಿನ ಹೆಸರು ಆ ಜಾಗದಲ್ಲಿ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಕಾರಕಸೂಚಿಯು ಹೆಸರಿನ ಮುಂಚೆ ಪ್ರತ್ಯೇಕ ಪದವಾಗಿ ಬರುವುದರಿಂದ ಹೆಸರು ಬದಲಾಗುವುದಿಲ್ಲ. ಕನ್ನಡದಲ್ಲಿ ಮೈಸೂರು 'ಮೈಸೂರಿನಿಂದ' ಆಗುತ್ತದೆ, ಧಾರವಾಡ 'ಧಾರವಾಡದಿಂದ' ಆಗುತ್ತದೆ, ಹುಬ್ಬಳ್ಳಿ 'ಹುಬ್ಬಳ್ಳಿಯಿಂದ' ಆಗುತ್ತದೆ. ಚತುರ್ಥಿಯಲ್ಲಿ 'ಮೈಸೂರಿಗೆ', 'ಧಾರವಾಡಕ್ಕೆ', 'ಹುಬ್ಬಳ್ಳಿಗೆ'. ಯಂತ್ರವು ಒಂದೇ ಪ್ರತ್ಯಯವನ್ನು ಎಲ್ಲಕ್ಕೂ ಅಂಟಿಸಿದರೆ 'ಧಾರವಾಡಇಂದ' ಎಂಬಂಥ ರೂಪ ಹುಟ್ಟುತ್ತದೆ. ಓದುಗನು ಇದನ್ನು ಅರ್ಥಮಾಡಿಕೊಂಡಾನು, ಆದರೆ ಆ ಸಂಸ್ಥೆಯ ಮಾತನ್ನು ತನ್ನ ಮಾತೆಂದು ಒಪ್ಪಲಾರ.

ಇದಕ್ಕೆ ಪರಿಹಾರವು ವಾಕ್ಯರಚನೆಯಲ್ಲಿಯೇ ಇದೆ. 'ಹೊರಡುವ ಊರು: ಧಾರವಾಡ', 'ತಲುಪುವ ಊರು: ಮೈಸೂರು', 'ಪ್ರಯಾಣಿಕರ ಸಂಖ್ಯೆ: ೩' ಎಂದು ಬರೆದರೆ ಹೆಸರು ಪ್ರಥಮಾ ವಿಭಕ್ತಿಯಲ್ಲಿಯೇ ಉಳಿಯುತ್ತದೆ. ವ್ಯಕ್ತಿನಾಮಗಳೊಂದಿಗೆ 'ಅವರಿಗೆ', 'ಅವರ' ಎಂಬ ಗೌರವರೂಪಗಳನ್ನು ಬಳಸಿದರೆ 'ರಾಮನಿಗೆ', 'ಸೀತೆಗೆ' ಎಂಬ ಲಿಂಗಾನುಸಾರಿ ರೂಪಭೇದ ತಪ್ಪುತ್ತದೆ, ಗೌರವವೂ ಉಳಿಯುತ್ತದೆ. ಇಂಗ್ಲಿಷಿನ ಒಂದೇ ಮಧ್ಯಮಪುರುಷ ಸರ್ವನಾಮಕ್ಕೆ ಪ್ರತಿಯಾಗಿ ಕನ್ನಡದಲ್ಲಿ 'ನೀನು', 'ನೀವು' ಎಂಬ ಆಯ್ಕೆ ಇದೆ. 'ಸಲ್ಲಿಸು', 'ಸಲ್ಲಿಸಿ', 'ಸಲ್ಲಿಸಿರಿ' ಎಂಬವುಗಳಲ್ಲಿ ಯಾವುದನ್ನು ಗುಂಡಿಯ ಮೇಲೆ ಬರೆಯಬೇಕೆಂಬುದು ಸಂಸ್ಥೆಯು ಗ್ರಾಹಕರೊಡನೆ ಇರಿಸಿಕೊಳ್ಳಬಯಸುವ ಸಂಬಂಧದ ನಿರ್ಣಯ. ಬಣ್ಣ ಮತ್ತು ಲಾಂಛನಗಳಷ್ಟೇ ಇದೂ ಬ್ರ್ಯಾಂಡಿನ ಭಾಗ.

ಉಪಸಂಹಾರ

ಮುಖಪುಟದಲ್ಲಿ ಕನ್ನಡದ ಹೆಸರು, ಹಬ್ಬಕ್ಕೊಂದು ಕನ್ನಡದ ಶುಭಾಶಯ, ಆದರೆ ದರ, ಕರಾರು, ಹಣ ಮರುಪಾವತಿಯ ನಿಯಮ, ದೂರಿನ ನಮೂನೆ ಇಂಗ್ಲಿಷಿನಲ್ಲಿ: ಇಂಥ ವಿನ್ಯಾಸದಲ್ಲಿ ಭಾಷೆಯು ತೋರಣವಾಗುತ್ತದೆ, ಬಾಗಿಲಾಗುವುದಿಲ್ಲ. ಇಂಗ್ಲಿಷ್ ಓದಲಾರದ ಗ್ರಾಹಕನು 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತಿದಾಗ ತಾನು ಒಪ್ಪಿದ್ದು ಏನನ್ನು ಎಂಬುದು ಅವನಿಗೆ ತಿಳಿದಿರುವುದಿಲ್ಲ. ನಷ್ಟವಾಗುವುದು ಅವನ ಹಣ, ಅದರೊಂದಿಗೆ ಆ ಹೆಸರಿನ ಮೇಲಿನ ನಂಬಿಕೆ.

ಆದುದರಿಂದ ಜಾಲತಾಣದಲ್ಲಿ ಕನ್ನಡವನ್ನು ಅಳೆಯುವ ಮಾನದಂಡ ಶೇಕಡಾವಾರು ಜಾಗವಾಗಲಾರದು. ಕನ್ನಡ ಮಾತ್ರ ಬಲ್ಲ ಒಬ್ಬ ವ್ಯಕ್ತಿ ಬೇರೆಯವರ ನೆರವಿಲ್ಲದೆ ವಸ್ತುವನ್ನು ಆರಿಸಿ, ಬೆಲೆಯನ್ನು ತಿಳಿದು, ಹಣ ಕೊಟ್ಟು, ರಸೀದಿ ಪಡೆದು, ಬೇಕಾದರೆ ದೂರು ಸಲ್ಲಿಸಿ ಹೊರಬರಬಲ್ಲನೇ ಎಂಬುದೇ ಸರಿಯಾದ ಪರೀಕ್ಷೆ. ಇದಕ್ಕೆ ಬೇಕಾದ ಪದಕೋಶ, ವಾಕ್ಯಮಾದರಿ ಮತ್ತು ವಿಭಕ್ತಿನಿಯಮಗಳನ್ನು ಸಿದ್ಧಪಡಿಸುವುದು ತಂತ್ರಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವ ವಿಭಾಗಗಳು ಬಸ್ಸಿನ ಟಿಕೆಟ್ಟಿನ ವಿಭಕ್ತಿಯನ್ನೂ ತಮ್ಮ ಅಧ್ಯಯನದ ವಸ್ತುವೆಂದು ಸ್ವೀಕರಿಸಬೇಕಾಗಿದೆ. 'ಮೊಸರು' ಎಂಬ ಪದ ಪೊಟ್ಟಣದ ಮೇಲೆ ಉಳಿದದ್ದು ಜನರು ಅದನ್ನು ಕೇಳಿದ್ದರಿಂದ. ಜಾಲಪುಟದಲ್ಲಿ ಏನನ್ನು ಕೇಳಬೇಕೆಂಬುದನ್ನು ಮೊದಲು ನಿಖರವಾಗಿ ಗುರುತಿಸಿ ಹೇಳುವುದು ಭಾಷಾವಿದ್ಯಾರ್ಥಿಗಳ ಹೊಣೆ.